ಥರ್ಮೋಸ್ಟಾಟಿನ ಸುಖ

ಸೌದಿಯಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ನೀವೂ ನಗಬಹುದು, ಬೇಸರವಿಲ್ಲ. ಜುಬೈಲಿನ ಜನವರಿಯಲ್ಲಿ ಬೆಳ್ಳಂಬೆಳಗ್ಗೆ ನೆಲದ ಮೇಲೊಮ್ಮೆ ಬರಿಗಾಲಿಟ್ಟು ಆಮೇಲೆ ನಕ್ಕರಾಯಿತು. ಕಂಪನಿ ಕೊಟ್ಟ ನಮ್ಮ ಮನೆಗೆ ಒಂದೇ ಯಂತ್ರ. ಬೇಸಿಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬಿಸಿಯನ್ನೂ ಕೋಣೆಕೋಣೆಗೆ ಊದುವುದು ಅದರ ಧರ್ಮ, ಅದನ್ನು ಆಳುವುದು ಒಳಓಣಿಯ ಗೋಡೆಗಂಟಿ ಮನೆಯ ಬಿಸಿ ಅಳೆಯುವ ಥರ್ಮೋಸ್ಟಾಟ್ ಎಂಬ ಅಂಗೈಯಗಲದ ಬಿಳಿ ಡಬ್ಬಿ. ಮನೆಯಲ್ಲಿ ಹಸುಗೂಸು ಇರುವ ಈ ಚಳಿಗಾಲವನ್ನೇ ಆರಿಸಿಕೊಂಡು ಅದು ಕೈಕೊಟ್ಟಿತು. ಮನಸ್ಸು ಬಂದರೆ ಊದುತ್ತಿತ್ತು, ಇಲ್ಲದಿದ್ದರೆ ಮೌನವ್ರತ.

ಮಗುವಿನ ಮೂಗು ಕಟ್ಟಿತು. ಹಾಲು ಕುಡಿಯಲಾಗದೆ ಅದು ಅಳುತ್ತಿತ್ತು. ಹೆಂಡತಿಯ ಬಾಣಂತನಕ್ಕೆ ಉಡುಪಿಯಿಂದ ಬಂದಿದ್ದ ಅತ್ತೆ, ನಾನು ತಂದ ಸಣ್ಣ ಹೀಟರನ್ನು ಗಾಳಿ ಒಣಗಿಸುತ್ತದೆಂದು ಹೊರಗಿಟ್ಟು, ತೀರ್ಪು ಕೊಟ್ಟುಬಿಟ್ಟರು: "ಪಾಸ್‌ಪೋರ್ಟ್ ಬಂದ ಕೂಡ್ಲೇ ಮಗುವನ್ನೂ ಇವಳನ್ನೂ ಊರಿಗೆ ಕರ್ಕೊಂಡು ಹೋಗ್ತೇನೆ. ಇಲ್ಲಿ ಎಂತ ಬಾಣಂತನ ಮಾರಾಯ್ರೆ!" ಎಷ್ಟೋ ವರ್ಷ ಕಾದು ಪಡೆದ ಮಗು. ಅದು ಮಗುಚುವುದನ್ನೂ ಅಂಬೆಗಾಲಿಡುವುದನ್ನೂ ನಾನು ಮೊಬೈಲಿನಲ್ಲೇ ನೋಡಬೇಕಾಗುತ್ತಿತ್ತು.

ಕಾರ್ಖಾನೆಯ ಭಾರಿ ಕುಲುಮೆಗಳ ಉಷ್ಣತೆಯನ್ನು ಅಂಕೆಯಲ್ಲಿಡುವುದು ನನ್ನ ಉದ್ಯೋಗ. ಮನೆಯ ಡಬ್ಬಿ ಮಾತ್ರ ನನ್ನನ್ನು ಕ್ಯಾರೇ ಅನ್ನಲಿಲ್ಲ. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಸ್ವಂತ ಮನೆಯ ಬಲ್ಬು ಬದಲಿಸಲು ಹೆಂಡತಿಯ ಮುಖ ನೋಡುವ ಪಂಡಿತರೆಲ್ಲ ಎದ್ದು ಕೂತರು. ಫಿಲ್ಟರ್ ಎಂದರು, ಗ್ಯಾಸ್ ಎಂದರು, ಒಬ್ಬ ಮಹಾಶಯರು ವಾಸ್ತು ಎಂದರು. ಎಲ್ಲರ ಮಾತನ್ನೂ ಪಾಲಿಸಿ ನಾನು ಬೆವರಿದೆನೇ ಹೊರತು ಮನೆ ಬೆಚ್ಚಗಾಗಲಿಲ್ಲ.

ಕಂಪನಿಯ ಮೆಕ್ಯಾನಿಕ್ ಬಂದಾಗಲೆಲ್ಲ ಯಂತ್ರ ವಿನೀತ ವಿದ್ಯಾರ್ಥಿಯಾಗುತ್ತಿತ್ತು. ಬಿಸಿಗಾಳಿ ಭರ್ರನೆ ಬರುತ್ತಿತ್ತು. ಆತ "ಕುಲ್ಲು ತಮಾಮ್, ಎಲ್ಲ ಠೀಕ್ ಹೈ" ಎಂದು, ನನ್ನ ತಲೆ ಮಾತ್ರ ಠೀಕಿಲ್ಲವೆಂಬಂತೆ ನೋಡಿ ಹೋಗುತ್ತಿದ್ದ. ಅವನು ಹೋದ ಸ್ವಲ್ಪ ಹೊತ್ತಿಗೆ ಮತ್ತದೇ ಮೌನ.

ಮೂರನೆಯ ಸಲ ಅವನು ಕರೆಗಂಟೆ ಒತ್ತಿದಾಗ ನಾನು ಡಬ್ಬಿಯೆದುರೇ ನಿಂತಿದ್ದೆ. ಅತ್ತೆ ದಡಬಡನೆ ಬಂದು, ಡಬ್ಬಿಯ ಕೆಳಗಿನ ಹಲಗೆಯಲ್ಲಿ ದೇವರ ಪಟದ ಮುಂದೆ ಉರಿಯುತ್ತಿದ್ದ ಎಣ್ಣೆದೀಪವನ್ನು ಶಾಂತ ಮಾಡಿ ಪಟದೊಂದಿಗೆ ಸೆರಗಿನಡಿ ಒಯ್ದರು. ಪರವೂರಲ್ಲಿ ಹೊರಗಿನವರ ಕಣ್ಣಿಗೆ ದೇವರು ಬೀಳಬಾರದು ಎಂಬುದು ನಾವೆಲ್ಲ ಇಲ್ಲಿ ಪಾಲಿಸುವ ಎಚ್ಚರ; ಬಾಗಿಲಿಗೆ ಕಾಣದ ಆ ಮೂಲೆಯನ್ನು ಅವರು ಅದಕ್ಕೇ ಆರಿಸಿದ್ದರು. ನೋಡನೋಡುತ್ತ ಡಬ್ಬಿಯ ಅಂಕಿ ಇಳಿಯಿತು. ಯಂತ್ರ ಗುಡುಗಿತು. ಮೆಕ್ಯಾನಿಕ್ ಎಂದಿನಂತೆ ಕುಲ್ಲು ತಮಾಮ್ ಎಂದು ಹೋದ.

ಮಗುವಿಗೆ ಬೆಚ್ಚಗಿರಲೆಂದು ಹರಕೆ ಹೊತ್ತು ಅತ್ತೆ ದೀಪವನ್ನು ದಿನದಿನಕ್ಕೆ ಹೆಚ್ಚು ಹೊತ್ತು ಉರಿಸುತ್ತಿದ್ದರು. ಅಡಿಯಲ್ಲಿ ಸುಖವಾಗಿ ಬಿಸಿ ತಾಗುತ್ತಿದ್ದ ಡಬ್ಬಿ, ಲೋಕವೆಲ್ಲ ಬೆಚ್ಚಗಿದೆಯೆಂದು ಯಂತ್ರವನ್ನು ಮಲಗಿಸುತ್ತಿತ್ತು. ಭಕ್ತಿ ಹೆಚ್ಚಿದಷ್ಟೂ ಮನೆ ತಣ್ಣಗಾಗಿತ್ತು. ಹೇಗೆ ಹೇಳುವುದೆಂದು ಅಳುಕುತ್ತಲೇ ಹೇಳಿದೆ. ಹೇಳುವಾಗ ನಗು ತಡೆಯಲಾಗಲಿಲ್ಲ. ಡಬ್ಬಿಯ ಮೂರ್ಖತನವನ್ನು ಕೊಂಚ ರಸವತ್ತಾಗಿಯೇ ವರ್ಣಿಸಿದೆ.

ಅತ್ತೆ ನಗಲಿಲ್ಲ. ದೀಪವನ್ನು ಅಡುಗೆಮನೆಯ ಮೂಲೆಗೆ ಒಯ್ದಿಟ್ಟು ಬಂದು ಕೇಳಿದರು: "ಆ ಡಬ್ಬಿಗೆ ಬುದ್ಧಿ ಇಲ್ಲ, ಬಿಡಿ. ನೀವು ಹೊರಗಿನ ಕೋಣೆಯಲ್ಲಿ ಎರಡು ರಜಾಯಿ ಹೊದ್ದು ಮಲಗ್ತೀರಿ. ಮಗು ಮಲಗುವ ಕೋಣೆಯ ಚಳಿ ಎಷ್ಟು ಅಂತ ಒಂದು ಗಳಿಗೆ ಒಳಗೆ ಬಂದು ಕೂತು ನೋಡಿದ್ದುಂಟಾ?"

ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಹೇಗಿದೆಯೆಂದು ಕೇಳಿ ಹೋಗಿದ್ದೆ, ಅಷ್ಟೆ. ಚಪ್ಪಲಿ ಕಳಚಿ ಒಳಗೆ ಹೋಗಿ ಕೂತೆ. ಹೆಂಡತಿ ಮಗುವನ್ನು ನನ್ನ ಮಡಿಲಿಗಿಟ್ಟಳು. ಅದರ ಪಾದಗಳು ಇನ್ನೂ ತಣ್ಣಗಿದ್ದವು.