ಪಕ್ಕದಕ್ಕ

ನನ್ನ ತರಗತಿಯಲ್ಲಿ ಇನ್ನೊಬ್ಬ ದೊಡ್ಡವರು ಬಂದು ಕೂರುವುದು ನನಗೆ ಮೊದಲಿನಿಂದಲೂ ಆಗದ ವಿಷಯ. ಅಡುಗೆ ಮಾಡುವಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿದ ಹಾಗಿರುತ್ತದೆ. ಮಾತು ಬಾರದ ಹುಡುಗಿಯೊಬ್ಬಳು ನಮ್ಮ ಮೂರನೇ ತರಗತಿಗೆ ಸೇರಿದಾಗ, ಅವಳ ಪಕ್ಕ ಕೂರಲು ಸಹಾಯಕಿಯೊಬ್ಬಳು ಬರುತ್ತಾಳೆ ಎಂದರು ಹೆಡ್‌ಮಾಸ್ತರು. ನಾನು ಮುಖ ಊದಿಸಿಕೊಂಡೆ. ಬಂದವಳಿಗೆ ನಲವತ್ತೆರಡು ವರ್ಷ, ಕಂಕುಳಲ್ಲಿ ಅವಳದೇ ಒಂದು ಗಿಡ್ಡ ಸ್ಟೂಲು. ಹದಿನಾಲ್ಕು ವರ್ಷ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬಳಿ ಕೂತು ದುಡಿದವಳು, ಆಮೇಲೆ ಆರು ತಿಂಗಳ ತರಬೇತಿ ಮುಗಿಸಿ ಬಂದಿದ್ದಳು. ಮಕ್ಕಳು ವಾರದೊಳಗೆ ಅವಳಿಗೆ ‘ಪಕ್ಕದಕ್ಕ’ ಎಂದು ಹೆಸರಿಟ್ಟರು.

"ಚಪ್ಪಲಿ ಕಚ್ತಾ ಇದೆ ಅಂತ ಜನ ಬಾಯಿ ಬಿಟ್ಟು ಹೇಳಲ್ಲ ಟೀಚರ್. ಮುಖ ನೋಡಿ ತಿಳ್ಕೋಬೇಕು," ಎಂದಿದ್ದಳು. ಆ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ನಾನು ಪ್ರಶ್ನೆ ಕೇಳಿದ ಕೂಡಲೇ ಅವಳು ಮೇಜಿನ ಮೇಲೆ ನಾಲ್ಕು ಚಿತ್ರದ ಕಾರ್ಡು ಹರಡುತ್ತಿದ್ದಳು, ಪುಟ್ಟಿ ಉತ್ತರದ ಮೇಲೆ ಬೆರಳಿಡುತ್ತಿದ್ದಳು. ಆ ಹುಡುಗಿಯನ್ನು ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. ನಾಲ್ಕನೇ ತರಗತಿಗೂ ನಾನೇ ಟೀಚರು, ಎರಡು ವರ್ಷ ಹೀಗೇ ನಡೆಯಿತು. ಪುಟ್ಟಿಯ ಉತ್ತರ ಹತ್ತಕ್ಕೆ ಎಂಟು ಸರಿ. ನನ್ನ ಊದಿದ ಮುಖ ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ.

ಎರಡನೇ ವರ್ಷ ಮುಗಿಯುತ್ತ ಬಂದಾಗ ಶಿಕ್ಷಣ ಇಲಾಖೆಯ ಪರಿಶೀಲನೆ ಇತ್ತು. ಪುಟ್ಟಿ ತಾನಾಗಿಯೇ ಉತ್ತರ ಕೊಡುತ್ತಾಳೆ ಎಂದಾದರೆ ಗೆಳತಿಯರ ಜೊತೆ ಇದೇ ಶಾಲೆಯಲ್ಲಿ ಮುಂದುವರಿಯಬಹುದು, ಇಲ್ಲವಾದರೆ ಊರಾಚೆಯ ಬೇರೆ ಶಾಲೆ. ಪರಿಶೀಲನೆಗೆ ಎರಡು ವಾರ ಇರುವಾಗ ನಾನು ಒಂದು ಪ್ರಶ್ನೆ ಕೇಳಿದೆ. ಇರುವೆ, ಜೇನುನೊಣ, ಚಿಟ್ಟೆ, ಜೇಡ, ಇವುಗಳಲ್ಲಿ ಕೀಟ ಅಲ್ಲದ್ದು ಯಾವುದು? ಪುಟ್ಟಿ ಚಿಟ್ಟೆಯ ಮೇಲೆ ಬೆರಳಿಟ್ಟಳು. ಜೇಡ ಎಂದು ನಾನು ತಿದ್ದಿದೆ. ಪಕ್ಕದಕ್ಕ ಕಣ್ಣರಳಿಸಿ, "ಅಯ್ಯೋ, ಚಿಟ್ಟೆ ಕೀಟಾನಾ? ಅಷ್ಟು ಚೆಂದದ್ದು ಕೀಟ ಹೇಗಾಗುತ್ತೆ?" ಎಂದಳು. ನಾನು ಬಿದ್ದುಬಿದ್ದು ನಕ್ಕೆ. ಅವಳು ನಗಲಿಲ್ಲ.

ಅಂದಿನಿಂದ ಅವಳ ತಲೆಗೆ ಹುಳ ಹೊಕ್ಕಿತು. ಪುಟ್ಟಿಯ ಹಳೆಯ ತಪ್ಪುಗಳನ್ನೆಲ್ಲ ಹೆಕ್ಕಿ ತೆಗೆದಳು. "ಎಲ್ಲಾ ನಾನೂ ಮಾಡೋ ತಪ್ಪುಗಳೇ ಟೀಚರ್. ಅವಳು ಕಾರ್ಡು ನೋಡ್ತಿದ್ಲಾ, ನನ್ನ ಮುಖ ನೋಡ್ತಿದ್ಲಾ?"

"ಕಲಿಸಿದವಳು ನೀನು. ನಿನ್ನ ತಪ್ಪು ಅವಳಿಗೆ ಬರದೆ ಇನ್ಯಾರಿಗೆ ಬರುತ್ತೆ?" ಎಂದು ಗದರಿದೆ. ಗದರಿದ್ದೇನೋ ಸರಿ, ನನಗೂ ತಲೆಬುಡ ತಿಳಿಯಲಿಲ್ಲ. ಮರುದಿನ ಅವಳು ಸ್ಟೂಲನ್ನು ಬಾಗಿಲ ಹತ್ತಿರ ಹಾಕಿಕೊಂಡಳು, ಕಾರ್ಡು ನಾನು ಹರಡಿದೆ. ಪುಟ್ಟಿ ಜಡೆಯ ತುದಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಉತ್ತರ ಗೊತ್ತಿಲ್ಲದ್ದಕ್ಕೋ, ಅಕ್ಕ ಪಕ್ಕದಲ್ಲಿ ಇಲ್ಲದ್ದಕ್ಕೋ? ಅಥವಾ ನಾನು ಕಾರ್ಡು ಹರಡುವ ರೀತಿಯೇ ಅವಳಿಗೆ ಹಿಡಿಸಲಿಲ್ಲವೋ?

ಪಕ್ಕದಕ್ಕ ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡಳಂತೆ. ಆತ ಫ್ಯಾನ್ ರಿಪೇರಿ ಮಾಡುವವನು. "ಸ್ವಿಚ್ ಹಾಕಿದ್ದು ನೀನು, ತಿರುಗಿದ್ದು ಫ್ಯಾನು. ಗಾಳಿ ಯಾರದು ಅಂತ ಯಾಕೆ ತಲೆ ಕೆಡಿಸ್ಕೋತೀಯಾ?" ಎಂದನಂತೆ. ಅದನ್ನು ಕೇಳಿ ಅವಳ ಗೊಂದಲ ಇನ್ನೂ ಹೆಚ್ಚಿತು.

"ಪರಿಶೀಲನೆ ದಿನ ಬಾಯಿ ಮುಚ್ಚಿಕೊಂಡಿರು. ನಿನ್ನ ಅನುಮಾನಕ್ಕೆ ಮಗುವಿನ ಜಾಗ ಹೋಗೋದು ಬೇಡ," ಎಂದು ನಾನು ಹೇಳಿಕೊಟ್ಟಿದ್ದೆ. ತಲೆಯಾಡಿಸಿದ್ದಳು. ಆದರೆ ಆ ದಿನ ಅಧಿಕಾರಿ ಪೆನ್ನು ತೆರೆದು, "ತಾನಾಗಿ ಉತ್ತರ ಕೊಡ್ತಾಳಾ?" ಎಂದು ಕೇಳಿದ್ದೇ ತಡ, "ನನಗೆ ಗೊತ್ತಿಲ್ಲ ಸರ್," ಎಂದುಬಿಟ್ಟಳು.

"ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ."

ಪುಟ್ಟಿಯ ತಾಯಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಪಾಳಿ ಮುಗಿಸಿ ಕೋಟಿನಲ್ಲೇ ಬಂದಿದ್ದಳು. "ಎರಡು ವರ್ಷದಿಂದ ನನಗೆ ಹೇಳಿದ್ದೆಲ್ಲ ಸುಳ್ಳಾ?" ಎಂದಳು. ನನಗೆ ಪಕ್ಕದಕ್ಕನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳಲ್ಲಮ್ಮ. ನಿಜ ಅಂತಾನೂ ಗೊತ್ತಿಲ್ಲ. ನನಗೆ ಗೊತ್ತಿಲ್ಲದೇ ಇರೋದನ್ನ ಅವಳನ್ನ ಕೇಳಿ. ಬೆಳಿಗ್ಗೆ ನಿಮ್ಮನೇಲಿ ಏನಾಯ್ತೋ ಅದನ್ನ ಕೇಳಿ. ನನ್ನ ಮುಖ ನೋಡಿದ್ರೆ ಏನೂ ಸಿಗಬಾರದು," ಎಂದಳು ಪಕ್ಕದಕ್ಕ.

ಕಾರ್ಡಿನ ಕಟ್ಟಿನಲ್ಲಿದ್ದ ಪುಟ್ಟಿಯ ಮನೆಯವರ ನಾಲ್ಕು ಫೋಟೊಗಳನ್ನು ಹರಡಿದೆವು. ಇವತ್ತು ಜಡೆ ಹಾಕಿದ್ದು ಯಾರು ಎಂದು ತಾಯಿ ಕೇಳಿದಳು. ಪುಟ್ಟಿ ಪಕ್ಕದಕ್ಕನ ಮುಖವನ್ನು ತುಂಬ ಹೊತ್ತು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಫೋಟೊಗಳ ಕಡೆ ತಿರುಗಿ ಅಪ್ಪನ ಮೇಲೆ ಬೆರಳಿಟ್ಟಳು.

"ಹೌದು, ಅವರೇ. ನನಗೆ ಬೆಳಗಿನ ಪಾಳಿ ಇತ್ತು," ಎಂದಳು ತಾಯಿ.

ಎರಡನೇ ಪ್ರಶ್ನೆಗೆ ತಪ್ಪು ಕಾರ್ಡು ತೋರಿಸಿದಳು. ಮೂರನೆಯದಕ್ಕೆ ಬೆರಳೇ ಇಡಲಿಲ್ಲ. "ನಾಲ್ಕರಲ್ಲಿ ಒಂದು, ಕಣ್ಣು ಮುಚ್ಚಿ ಇಟ್ಟರೂ ಸರಿಯಾಗಬಹುದು," ಎಂದು ಅಧಿಕಾರಿ ಹಣೆ ಉಜ್ಜಿಕೊಂಡರು. ಕೊನೆಗೆ ಮೂರು ತಿಂಗಳ ಗಡುವು ಬರೆದುಕೊಟ್ಟರು. ಅಲ್ಲಿಯವರೆಗೆ ಪುಟ್ಟಿ ನಮ್ಮಲ್ಲೇ ಇರಬೇಕು, ಸಹಾಯಕಿ ಮಾತ್ರ ಕೊನೆಯ ಬೆಂಚಿನ ಹಿಂದೆ ಕೂರಬೇಕು. ಪಕ್ಕದಕ್ಕ ಆ ಕಾಗದವನ್ನು ಮೂರು ಸಲ ಓದಿ, "ಇದು ಗೆದ್ದ ಹಾಗಾ ಸೋತ ಹಾಗಾ ಟೀಚರ್?" ಎಂದು ಕೇಳಿದಳು.

ಮೊದಲ ನಾಲ್ಕು ದಿನ ಪುಟ್ಟಿ ಜಡೆ ಕಚ್ಚುತ್ತ ಕಳೆದಳು. ಐದನೇ ದಿನ, ನೀರಿನಲ್ಲಿ ಕರಗದಿರುವುದು ಯಾವುದು ಎಂದು ಕೇಳಿದೆ. ಸಕ್ಕರೆ, ಉಪ್ಪು, ಮರಳು, ಸೋಪು. ಪುಟ್ಟಿ ಹಿಂದಕ್ಕೆ ತಿರುಗಿ ನೋಡಿದಳು. ಪಕ್ಕದಕ್ಕ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಹುಡುಗಿ ಮತ್ತೆ ಮೇಜಿನ ಕಡೆ ತಿರುಗಿ ನಿಧಾನವಾಗಿ ಬೆರಳಿಟ್ಟಳು.

"ಇಟ್ಲಾ?" ಪಕ್ಕದಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಟ್ಲು. ಸಕ್ಕರೆ ಮೇಲೆ."

"ಮರಳಲ್ವಾ? ತಪ್ಪಲ್ವಾ?"

"ತಪ್ಪು."

"ನನಗೆ ಗೊತ್ತಿತ್ತು ಟೀಚರ್, ಮರಳು ಅಂತ ನನಗೆ ಗೊತ್ತಿತ್ತು! ಹಾಗಾದ್ರೆ ಇದು ಅವಳದೇ ತಪ್ಪು!" ಎಂದು ಕೂಗಿ ಅಳತೊಡಗಿದಳು. ಇಡೀ ತರಗತಿ ತಿರುಗಿ ನೋಡುತ್ತಿದ್ದರೂ ಅವಳ ಅಳು ನಿಲ್ಲಲಿಲ್ಲ.