ಅವ್ವ ಎಂಜಿನ್ ಇಳಿಸಿದ ಬ್ಯಾಸಗಿ

ಆಗೆಲ್ಲ ನರಗುಂದದ ನಮ್ಮ ಓಣಿಯಲ್ಲಿ ಮೋಟಾರು ನಿಂತಿತೆಂದರೆ ಯಾರ ಮನೆಗೋ ಡಾಕ್ಟರು ಬಂದಿದ್ದಾರೆ, ಇಲ್ಲವೇ ಬೀಗರು ಬಂದಿದ್ದಾರೆ ಎಂದೇ ಅರ್ಥ. ಅಂಥ ಕಾಲದಲ್ಲಿ, ಯುಗಾದಿ ಮುಗಿದ ಮೇಲೆ ಒಂದು ಮುಂಜಾನೆ, ಹುಬ್ಬಳ್ಳಿಯಿಂದ ಬಂದ ಲಾರಿಯೊಂದು ನಮ್ಮ ಹತ್ತಿ ಗೋದಾಮಿನೊಳಗೆ ಎರಡೇ ಸೀಟಿನ ವಿದೇಶಿ ಕಾರನ್ನು ಇಳಿಸಿ ಹೋಯಿತು. ಕಡಲೆ ಹಿಟ್ಟಿನ ಬಣ್ಣ. ನನ್ನ ಎದೆಯಷ್ಟೇ ಎತ್ತರ. ಓಣಿಯ ಗಂಡಸರೆಲ್ಲ ಸೇರಿ ಮುಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಖಾಲಿ. ಇದಕ್ಕೆ ಎಂಜಿನ್ನೇ ಇಲ್ಲವೆಂದು ಮಾತಾಡಿಕೊಂಡರು. ಅಡುಗೆಮನೆಯಿಂದ ಬಂದ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಹಿಂದಿನ ಮುಚ್ಚಳ ಎತ್ತಿ ತೋರಿಸಿದಳು. ಎಂಜಿನ್ ಕಾರಿನ ನಟ್ಟನಡುವೆ ಇತ್ತು.

ಅದು ಅವ್ವನ ಅಪ್ಪನ ಕಾರು. ಹುಬ್ಬಳ್ಳಿಯಲ್ಲಿ ಅವರದೊಂದು ಗ್ಯಾರೇಜು ಇತ್ತು. ಲಗ್ನವಾಗುವವರೆಗೂ ಅವ್ವ ಸಾಲಿ ಬಿಟ್ಟೊಡನೆ ಅಲ್ಲಿಗೇ ಹೋಗಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದಳಂತೆ. ಅಜ್ಜ ತೀರಿಕೊಂಡಾಗ ಅಣ್ಣತಮ್ಮಂದಿರ ಮುಂದೆ ಆಕೆ ಕೇಳಿದ್ದು ಆ ಕಾರನ್ನಷ್ಟೇ. ನಮಗೆ ಇದಾವುದೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅವ್ವ ಎಂದರೆ ರೊಟ್ಟಿ ಬಡಿಯುವ, ಮಾತು ಕಡಿಮೆಯ ಹೆಂಗಸು.

ಕಾರು ಶುರುವಾಗಲಿಲ್ಲ. ಅವ್ವ ಎಂಜಿನ್ನಿಗೆ ಕಿವಿಯಿಟ್ಟು, ಮತ್ತೆ ಮತ್ತೆ ಕೀಲಿ ತಿರುಗಿಸಿ ನೋಡಿ, ಒಳಗೆ ಏನೋ ಹಿಡಿದಿದೆ, ಎಂಜಿನ್ ಇಳಿಸದೆ ಆಗುವುದಿಲ್ಲ ಎಂದಳು. ಅಪ್ಪ ನಕ್ಕುಬಿಡುತ್ತಾರೆಂದು ನಾವು ಕಾದೆವು. ಅವರು ನಗಲಿಲ್ಲ. ಮಾರನೆಯ ದಿನ ರೋಣದ ಎಣ್ಣೆ ಗಿರಣಿಯಿಂದ ಸರಪಳಿ ರಾಟಿಯೊಂದನ್ನು ಕೇಳಿ ತಂದರು. ಹತ್ತಿಯ ದೊಡ್ಡ ಮೂಟೆಗಳನ್ನು, ಅಂದರೆ ಅಂಡಿಗೆಗಳನ್ನು ತೂಗುತ್ತಿದ್ದ ತೊಲೆಗೆ ಅದನ್ನು ಕಟ್ಟಿದರು.

ಆ ದಿನಗಳಲ್ಲಿ ಗೋದಾಮಿನ ತುಂಬ ಸೀಮೆಎಣ್ಣೆ, ಹಳೇ ಪೆಟ್ರೋಲು, ಹತ್ತಿಬೀಜಗಳ ವಾಸನೆ. ಊಟವಾದ ಮೇಲೆ ಅಪ್ಪ, ಅಕ್ಕ, ನಾನು ಎಲ್ಲರೂ ಅಲ್ಲೇ. ಅವ್ವ ನೀರು ಬಸಿದಳು, ಎಣ್ಣೆ ಬಸಿದಳು, ವಾಯರು ಪೈಪುಗಳನ್ನು ಒಂದೊಂದಾಗಿ ಬಿಡಿಸಿದಳು. ಜೋಡಿಸುವಾಗ ಗೊತ್ತಾಗಲೆಂದು ಒಂದೇ ಜಾಗಕ್ಕೆ ಸೇರುವ ತುದಿಗಳಿಗೆ ಹಳೇ ಇಳಕಲ್ ಸೀರೆಯ ಒಂದೇ ಬಣ್ಣದ ಚಿಂದಿ ಕಟ್ಟಿಸಿದಳು. ಅದು ಅಕ್ಕನ ಕೆಲಸ. ಸೀಟಿನ ಹಿಂದಿನ ಸಂದಿಯಲ್ಲಿದ್ದ ಬೋಲ್ಟಿಗೆ ದೊಡ್ಡವರ ಕೈ ಹೋಗುತ್ತಿರಲಿಲ್ಲ, ನನ್ನದು ಹೋಗುತ್ತಿತ್ತು. ಅದನ್ನು ಬಿಚ್ಚಿದ ಸಂಜೆ ಇಡೀ ಓಣಿಯ ಗೆಳತಿಯರಿಗೆ ಕೈ ತೋರಿಸಿಕೊಂಡು ಬಂದೆ, ಕುಂಟಾಬಿಲ್ಲೆ ಆಡಲು ಹೋಗಲೇ ಇಲ್ಲ.

ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಸೊಸೆ ಕಾರಿನ ಕೆಳಗೆ ಮಲಗುವುದು ಆಯಿಗೆ ಸೇರುತ್ತಿರಲಿಲ್ಲ. ಆದರೂ ರೊಟ್ಟಿಗೆ ಗುರೆಳ್ಳು ಚಟ್ನಿ, ಮೊಸರು ಕಲಸಿ ತಂದು, ಗೊಣಗುತ್ತಲೇ, “ಬಾಯಿ ತಗೀ. ಆ ಕೈಲೆ ಮುಟ್ಟಬ್ಯಾಡ,” ಎಂದು ಅವ್ವನಿಗೆ ತುತ್ತು ಕೊಡುತ್ತಿದ್ದಳು. ಅವ್ವ ಕರಿ ಕೈಗಳನ್ನು ಬೆನ್ನ ಹಿಂದೆ ಹಿಡಿದು ನಗುತ್ತ ಬಾಯಿ ತೆರೆಯುತ್ತಿದ್ದಳು. ಹಾಗೆ ಅವಳು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಆಗ ಅಕ್ಕನಿಗೆ ಗಂಡು ನೋಡುತ್ತಿದ್ದರು. ಗಜೇಂದ್ರಗಡದ ದೊಡ್ಡ ವ್ಯಾಪಾರಸ್ಥರ ಮನೆಯವರು ಬರುವ ವಾರ ಬರುತ್ತೇವೆಂದು ಹೇಳಿ ಕಳಿಸಿದ್ದರು. ಎಂಜಿನ್ ಇಳಿಸುವ ದಿನ ಬಂತು. ಕಾರಿನ ಹಿಂಭಾಗ ದಪ್ಪ ದಿಮ್ಮಿಗಳ ಮೇಲೆ ನಿಂತಿತ್ತು. ಸರಪಳಿಗೆ ತೂಗುಬಿಟ್ಟ ಎಂಜಿನ್ ಕೆಳಗಿದ್ದ, ಅಂಡಿಗೆಗಳನ್ನು ಸಾಗಿಸುವ ಗಾಡಿಯ ಮೇಲೆ ಇಳಿಯಬೇಕಿತ್ತು. ಅಪ್ಪ ಸರಪಳಿ ಹಿಡಿದಿದ್ದರು. ಅವ್ವ ಬದಿಯಲ್ಲಿ ಮಲಗಿ, ಅದು ಎಲ್ಲೂ ತಾಗದಂತೆ ಕೈಕೊಟ್ಟು ದಾರಿ ಮಾಡುತ್ತಿದ್ದಳು. ಅರ್ಧ ಇಳಿದಿತ್ತು. ಆಗ ಆಯಿ ಓಡಿಬಂದು, ಗಜೇಂದ್ರಗಡದವರು ಬಂದಿದ್ದಾರೆ ಎಂದಳು. ನಮ್ಮೂರಿನಲ್ಲಿ ಲಗ್ನವೊಂದಕ್ಕೆ ಬಂದವರು ಹಾಗೆಯೇ ನಮ್ಮ ಮನೆಗೂ ಬಂದುಬಿಟ್ಟಿದ್ದರು.

ಅಪ್ಪ ಅವ್ವನ ಕಡೆ ನೋಡಿದರು. ಅವ್ವ ಮಲಗಿದಲ್ಲಿಂದಲೇ ಹೇಳಿದಳು:

“ತೂಗ್ಯಾಡೂದನ್ನ ಹಂಗ ಬಿಟ್ಟು ಬರಾಕ ಆಗೂದಿಲ್ರಿ. ಅವರಿಗೆ ಕುಂದರಾಕ ಹೇಳ್ರಿ. ನೀವು ಸರಪಳಿ ಬಿಡಬ್ಯಾಡ್ರಿ, ಸಾವಕಾಶ ಇಳಸ್ರಿ.”

ಬಂದವರು ಪಡಸಾಲೆಯಲ್ಲಿ ಕೂರಲಿಲ್ಲ. ಸದ್ದು ಕೇಳಿ ಗೋದಾಮಿನ ಬಾಗಿಲಿಗೇ ಬಂದು ನಿಂತರು. ಎಂಜಿನ್ ಗಾಡಿಯ ಮೇಲೆ ಕೂತ ಮೇಲೆಯೇ ಅವ್ವ ಹೊರಗೆ ಬಂದಳು. ಕೆನ್ನೆಗೆ ಎಣ್ಣೆ ಬಳಿದಿತ್ತು. ಕರಿ ಕೈಗಳನ್ನೇ ಜೋಡಿಸಿ, “ಬರ್ರಿ,” ಎಂದಳು. ಆ ಗಳಿಗೆಯಲ್ಲಿ ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಗೆದ್ದವರ ಮುಖ ಅದು.

ಹುಡುಗನೂ ಅವನ ಮನೆಯವರೂ ಚಹಾ ಕುಡಿದರು, ಅಕ್ಕನನ್ನು ನೋಡಿದರು, ಚಲೋ ಮಾತಾಡಿ ಹೋದರು. ಕೆಲ ದಿನಗಳಲ್ಲಿ ಬೇರೆಯವರ ಬಾಯಿಂದ ಸುದ್ದಿ ಬಂತು. ಬೀಗತಿ ಮೋಟಾರಿನ ಕೆಳಗೆ ಮಲಗುವ ಮನೆಯ ಸಂಬಂಧ ತಮಗೆ ಬೇಡವೆಂದು ಹೇಳಿದ್ದರಂತೆ. ಮನೆಯಲ್ಲಿ ಯಾರೂ ಅವ್ವನನ್ನು ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಮಾತಾಡುತ್ತಿದ್ದಳೇನೋ. ಅಂದು ಅಕ್ಕ ಕೋಣೆಯಲ್ಲಿ ಅಳುತ್ತಿದ್ದುದು ಅವ್ವನಿಗೆ ಕೇಳಿಸಿತು. ಗೋದಾಮಿಗೆ ಹೋಗಿ ಎಂಜಿನ್ ಮೇಲೆ ಗೋಣಿತಟ್ಟು ಹೊದಿಸಿದಳು. ಸೀಗೆಪುಡಿ ಹಚ್ಚಿ ಕೈಯನ್ನು ಬಹಳ ಹೊತ್ತು ತಿಕ್ಕಿ ತೊಳೆದು, ಒಲೆಯ ಮುಂದೆ ಕೂತಳು. ಅಪ್ಪ ಒಂದೆರಡು ಸಲ, ಇಷ್ಟು ಬಿಚ್ಚಿದ್ದೇವೆ, ಒಳಗೇನಾಗಿದೆ ನೋಡೋಣವಲ್ಲ ಎಂದರು. ಮೊದಲು ಮಗಳ ಲಗ್ನವಾಗಲಿ ಎಂದಳು ಅವ್ವ. ಅಬ್ಬಿಗೇರಿಯ ಒಕ್ಕಲುತನದ ಮನೆಗೆ ಕೊಟ್ಟು ಅಕ್ಕನ ಲಗ್ನವೂ ಆಯಿತು. ಅವ್ವ ಮಾತ್ರ ಗೋದಾಮಿಗೆ ಹೋಗಲಿಲ್ಲ. ಕೊನೆಗೆ ಹತ್ತಿ ಇಡಲು ಜಾಗ ಸಾಲದೆ, ಕಾರನ್ನೂ ಎಂಜಿನ್ನನ್ನೂ ಹುಬ್ಬಳ್ಳಿಯ ಗುಜರಿಯವನು ಒಯ್ದ.

ಹೋದ ಬೇಸಿಗೆ ಅಬ್ಬಿಗೇರಿಯಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದಾಗ ಆ ಮಾತು ಬಂತು. ತನ್ನಿಂದ ಒಂದು ಒಳ್ಳೆಯ ಸಂಬಂಧ ತಪ್ಪಿತೆಂದು ಅವ್ವ ಇಂದಿಗೂ ನೊಂದುಕೊಂಡಿದ್ದಳು. ಅಕ್ಕ ತಲೆ ಅಲ್ಲಾಡಿಸಿದಳು.

“ನನಗ ಆ ಹುಡುಗ ಮನಸ್ಸಿಗೇ ಬಂದಿರಲಿಲ್ಲ. ಸಂಬಂಧ ತಪ್ಪಿದ್ದಕ್ಕ ಅತ್ತಿಲ್ಲವ್ವ ನಾ. ನನ್ನ ಸಲುವಾಗಿ ನೀ ಇನ್ನ ಆ ಎಂಜಿನ್ ಮುಟ್ಟೂದಿಲ್ಲ ಅಂತ ಗೊತ್ತಾಗಿ ಅತ್ತೆ.”

ಅವ್ವ ಅವಳ ಕಡೆ ತಿರುಗಿದಳು.

“ಆಗ ಹೇಳಬೇಕಿತ್ತಲ್ಲ, ಮಗಳ,” ಎಂದಳು.

ಈಗ ನಮ್ಮ ಓಣಿಯಲ್ಲಿ ಎರಡು ಮನೆಗೊಂದು ಕಾರು. ನಮ್ಮಲ್ಲೂ ಇದೆ, ಕೆಟ್ಟರೆ ಫೋನು ಮಾಡುತ್ತೇವೆ, ಯಾರೋ ಬಂದು ಒಯ್ಯುತ್ತಾರೆ. ಆಯಿ ಇಲ್ಲ, ಅಪ್ಪ ಇಲ್ಲ. ಆ ರಾತ್ರಿ ಊರಿಗೆ ಮರಳುವಾಗ ಅವ್ವ ನನ್ನ ಪಕ್ಕದ ಸೀಟಿನಲ್ಲಿದ್ದಳು. ಎಂಜಿನ್ನಿನ ಮುಂದಿನ ಬೋಲ್ಟು ಮೊದಲು ಬಿಚ್ಚಿದೆವೋ ಹಿಂದಿನದೋ ಎಂದು ತನಗೆ ತಾನೇ ಕೇಳಿಕೊಂಡಳು. ನೆನಪಾಗಲಿಲ್ಲ. ನನ್ನನ್ನು ಕೇಳಿದಳು. ನನಗೆ ಗೊತ್ತಿದ್ದದ್ದು ನಾನು ಬಿಚ್ಚಿದ ಒಂದೇ ಬೋಲ್ಟು.