ನೀರಿನ ಬಾಗಿಲು

ಒಂದು ಗೋಳಿಬಜೆ ನುಂಗುವುದಕ್ಕೆ ಒಂದು ಲೋಟ ನೀರು ಬೇಕಾಗುವ ಅಪರೂಪದ ಜೀವಿಗಳಲ್ಲಿ ನಾನೂ ಒಬ್ಬಳು. ಕಾಪು ಪೇಟೆಯ ಹೋಟೆಲಿನವರಿಗೆ ಇದು ಗೊತ್ತಿರುವುದರಿಂದ ನಾನು ಕುಳಿತೊಡನೆ ಎರಡು ಲೋಟ ತಂದಿಡುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸುತ್ತ ಸಂಧಿ ಸಮಾಸಗಳನ್ನು ಧಾರಾಳವಾಗಿ ಸುರಿಸಿದ್ದರಿಂದ ಬಾಯಿಯ ಸರಸ್ವತಿ ಬತ್ತಿ ಗುಪ್ತಗಾಮಿನಿಯಾಗಿರಬೇಕೆಂದು ನನ್ನನ್ನು ನಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದೆ. ಕಣ್ಣೂ ಹಾಗೆಯೇ, ರೆಪ್ಪೆ ಮುಚ್ಚಿದರೆ ಒಳಗೆ ಕಡಲದಂಡೆಯ ಹೊಯಿಗೆ ಸರಿದಂತಾಗುತ್ತಿತ್ತು. ವಯಸ್ಸಿನ ಮಹಿಮೆ ಎಂದುಕೊಂಡು, ನಿಮ್ಮಲ್ಲಿ ಅನೇಕರು ಮಾಡುವ ಹಾಗೆ, ಸುಮ್ಮನಿದ್ದೆ.

ಆ ಹಾಸ್ಯ ನಿಂತದ್ದು ಅಕ್ಕ ತೀರಿಕೊಂಡ ದಿನ. ಕಾರ್ಕಳದ ಮನೆಯ ಚಾವಡಿಯಲ್ಲಿ ಅವಳನ್ನು ಮಲಗಿಸಿದ್ದರು. ನನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವಳು ಅವಳು. ಎದೆಯೊಳಗೆ ಏನೋ ಕುಸಿಯುತ್ತಿತ್ತು, ಕಣ್ಣು ಮಾತ್ರ ಉರಿಯಿತೇ ಹೊರತು ಒಂದು ಹನಿಯೂ ಬರಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದಾಗ ಅಕ್ಕನ ಮಗಳು ಶುಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೊರಡುವಾಗ ಕೇಳಿದಳು:

"ಅಮ್ಮನಿಗೋಸ್ಕರ ನಿಮ್ಮ ಹತ್ರ ಒಂದು ಹನಿ ಕಣ್ಣೀರೂ ಇಲ್ವಾ ಚಿಕ್ಕಮ್ಮ?"

ಆಮೇಲೆ ಅವಳ ಫೋನು ಬರಲಿಲ್ಲ. ನಾನು ಮಾಡಿದರೆ ಅವಳು ಎತ್ತಲಿಲ್ಲ. ಒಂದು ವರ್ಷ ಹಾಗೇ ಹೋಯಿತು. ಅಕ್ಕನನ್ನು ನಾನು ನಿಜವಾಗಿ ಪ್ರೀತಿಸಿದ್ದೆನೇ ಎಂದು ನನಗೇ ಅನುಮಾನ ಹುಟ್ಟಿತು.

ಉರಿ ತಡೆಯಲಾರದೆ ಕೊನೆಗೊಮ್ಮೆ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರರನ್ನು ಕಂಡೆ. ಅವರು ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ತೆಗೆದಾಗ ಪಟ್ಟಿ ಒಣಗಿಯೇ ಇತ್ತು. ರಕ್ತಪರೀಕ್ಷೆಯೂ ಆದ ಮೇಲೆ ವಿಷಯ ತಿಳಿಯಿತು: ನನ್ನನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳನ್ನು ಶತ್ರುವೆಂದು ತಿಳಿದು ದಾಳಿ ಮಾಡುತ್ತಿತ್ತು.

ವರದಿ ಹಿಡಿದು ಹೊರಬಂದಾಗ ಸಿಕ್ಕಿದವಳು ಲವಿನಾ. ಕಾಪುವಿನ ಕೊಂಕಣಿ ಮನೆಯವಳು, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅಲ್ಲೇ ಸಮೀಪದ ಪ್ರಯೋಗಾಲಯದಲ್ಲಿ ಮೊಳಕೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನನ್ನ ಕತೆ ಕೇಳಿ ಕೈ ಹಿಡಿದು ಒಳಗೆ ಕರೆದೊಯ್ದಳು. ಮಂದ ಬೆಳಕಿನ ಕೋಣೆಯಲ್ಲಿ ಗಾಜಿನ ತಟ್ಟೆಗಳ ತುಂಬ ಸಾಸಿವೆಯ ಮೊಳಕೆಗಳು, ಕನಸಿನಲ್ಲಿ ಕಂಡ ಜನರಂತೆ ಬಿಳುಚಿಕೊಂಡು, ಕತ್ತು ಬಾಗಿಸಿ ನಿಂತಿದ್ದವು.

"ಇದಕ್ಕೆ ಎಲುಬಿಲ್ಲ ಟೀಚರ್. ನೀರು ಕುಡಿದು ಉಬ್ಬಿಯೇ ನೆಟ್ಟಗೆ ನಿಲ್ಲುವುದು. ಒಂದೊಂದು ಕೋಶದ ಪೊರೆಯಲ್ಲೂ ನೀರಿಗೆ ಸಣ್ಣ ಸಣ್ಣ ಬಾಗಿಲು ಉಂಟು. ಆ ಬಾಗಿಲೇ ಒಂದು ಪ್ರೋಟೀನ್."

"ನನಗೂ ಇದಕ್ಕೂ ಎಂತ ಸಂಬಂಧ ಮಾರಾಯ್ತಿ?"

"ನಿಮ್ಮ ಕಣ್ಣೀರಿನ ಗ್ರಂಥಿಯಲ್ಲೂ ಅದೇ ಜಾತಿಯ ಬಾಗಿಲು ಉಂಟು. ಕಾಯಿಲೆ ಬಂದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ." ಅವಳು ತಟ್ಟೆಯಿಂದ ನನ್ನ ಕಡೆ ತಿರುಗಿ ಹೇಳಿದಳು: "ಅಳು ಬಂದಿತ್ತು ಟೀಚರ್. ಬಾಗಿಲು ತೆರೆಯದಿದ್ದರೆ ಅದೆಂತ ಮಾಡುವುದು?"

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಕನ್ನಡ ಪಂಡಿತೆಗೆ ಅವಳದೇ ಎದೆಯ ಅರ್ಥವನ್ನು ಬಿಡಿಸಿ ಹೇಳಲು ಸಾಸಿವೆ ಬೇಕಾಯಿತು.

ಮರುದಿನ ಬೆಳಿಗ್ಗೆ ಕಾರ್ಕಳದ ಬಸ್ಸು ಹತ್ತಿದೆ. ಕಿಟಕಿಯಾಚೆ ಗದ್ದೆಯ ಎಳೆಯ ಪೈರು, ಬೇಲಿಯ ಬಳ್ಳಿ, ರಸ್ತೆ ಬದಿಯ ಹುಲ್ಲು, ಎಲ್ಲವೂ ಕಾಣದ ಕೋಟಿ ಬಾಗಿಲುಗಳಿಂದ ನೀರು ಕುಡಿಯುತ್ತ ನಿಂತಿವೆ ಎನಿಸಿ, ಎಚ್ಚರವೋ ನಿದ್ದೆಯೋ ತಿಳಿಯದಂಥ ಮಂಪರಿನಲ್ಲಿ ದಾರಿ ಸಾಗಿತು.

ಬಾಗಿಲು ತೆರೆದ ಶುಭಾ "ಬನ್ನಿ" ಎಂದಷ್ಟೇ ಹೇಳಿದಳು. ಕಾರಣ ಕೇಳುವ ಮೊದಲೇ ನಾನು ವರದಿಯನ್ನು ಅವಳ ಕೈಗೆ ಕೊಟ್ಟು, ಕಾಗದದ ಪಟ್ಟಿಯಿಂದ ಸಾಸಿವೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಎರಡು ಸಲ ಓದಿದಳು.

ಕಣ್ಣಿಗೆ ಮದ್ದು ಹಾಕುವ ಹೊತ್ತಾಗಿತ್ತು. ಚೀಲದಿಂದ ಬಾಟಲಿ ತೆಗೆದೆ. ಗುರಿ ತಪ್ಪಿ ಹನಿ ಮೂಗಿನ ಮೇಲೆ ಬಿತ್ತು. ಶುಭಾ ಬಾಟಲಿಯನ್ನು ಇಸಿದುಕೊಂಡಳು.

"ತಲೆ ಮೇಲೆ ಮಾಡಿ."

ಒಂದು ಹನಿ ಬೇಕಾದಲ್ಲಿ ಅವಳು ಮೂರು ಮೂರು ಹಾಕಿದಳು. ಮದ್ದು ಕಣ್ಣು ತುಂಬಿ ಎರಡೂ ಕೆನ್ನೆಯ ಮೇಲೆ ಇಳಿಯಿತು. ಶಾಲಿನ ತುದಿಯಿಂದ ಒರೆಸಲು ಬಾಗಿದವಳ ಮುಖ ಒದ್ದೆಯಾಗಿತ್ತು.

"ಅಳ್ಬೇಡಿ ಚಿಕ್ಕಮ್ಮ" ಎಂದಳು.

ಅದು ಮದ್ದು ಎಂದು ಹೇಳಹೊರಟವಳು ಸುಮ್ಮನಾದೆ.